ಜರ್ಮನಿಯ ಅಂಕಪಟ್ಟಿಯನ್ನು ಕುಮಟೆಯಲ್ಲಿ ಕುಳಿತು ಓದುವುದು ಹೇಗೆ?

ಪ್ರಶ್ನೆ: ನಾನು ಕುಮಟಾ ತಾಲ್ಲೂಕಿನವನು. ಅಘನಾಶಿನಿ ದಂಡೆಯಲ್ಲಿ ಸ್ವಲ್ಪ ಗಜನಿ ಭೂಮಿ, ಅಂದರೆ ಉಪ್ಪುನೀರು ಬಂದುಹೋಗುವ ಗದ್ದೆ ಇದೆ, ಸಿಗಡಿ ಸಾಕುತ್ತೇನೆ. ಮಗಳು ಎಸೆಸೆಲ್ಸಿಯಲ್ಲಿ 625ಕ್ಕೆ 591 ಅಂಕ ಪಡೆದವಳು. ಬಿ.ಎಸ್ಸಿ.ಯನ್ನು ಇಲ್ಲಿಯೇ ಮುಗಿಸಿದಳು, ಹತ್ತಕ್ಕೆ 8.6 ಬಂತು. ಕಳೆದ ಅಕ್ಟೋಬರಿನಲ್ಲಿ ಸಮುದ್ರ ಜೀವವಿಜ್ಞಾನದ ಸ್ನಾತಕೋತ್ತರ ಪದವಿಗೆ ಜರ್ಮನಿಗೆ ಹೋಗಿದ್ದಾಳೆ. ಮೊದಲ ಸೆಮಿಸ್ಟರಿನ ಅಂಕಪಟ್ಟಿ ಕಳುಹಿಸಿದ್ದಾಳೆ. ಒಂದರಲ್ಲಿ 2,3, ಒಂದರಲ್ಲಿ 1,7, ಇನ್ನೊಂದರಲ್ಲಿ 3,0. ಸಂಖ್ಯಾಶಾಸ್ತ್ರದಲ್ಲಿ ಮಾತ್ರ 5,0 ಬಂದಿದೆ, ಲೆಕ್ಕದಲ್ಲಿ ಅವಳು ಮೊದಲಿನಿಂದಲೂ ಜಾಣೆ. ಒಂದು ವಿಷಯದ ಮುಂದೆ ಅಂಕವೇ ಇಲ್ಲ, ‘ಬೆಷ್ಟಾಂಡನ್’ ಎಂದಷ್ಟೇ ಇದೆ. ಇವೆಲ್ಲ ನೂರಕ್ಕೆ ಎಷ್ಟಾಗುತ್ತವೆ? ಶಿಕ್ಷಣ ಸಾಲದ ಮುಂದಿನ ಕಂತಿಗೆ ಬ್ಯಾಂಕಿನಲ್ಲಿ ಶೇಕಡಾವಾರು ಅಂಕ ಕೇಳುತ್ತಿದ್ದಾರೆ. ಮಗಳನ್ನು ಕೇಳಿದರೆ ‘ಎಲ್ಲ ಸರಿ ಇದೆ ಅಪ್ಪ’ ಎನ್ನುತ್ತಾಳೆ. ಮಗ ಒಂಬತ್ತನೇ ತರಗತಿಯಲ್ಲಿದ್ದಾನೆ, ಅಕ್ಕನಂತೆ ಹೋಗುವ ಆಸೆ ಅವನಿಗೂ ಇದೆ. ಅಲ್ಲಿಯ ಶಾಲೆಗಳಲ್ಲೂ ಹೀಗೆಯೇ ಅಂಕ ಕೊಡುತ್ತಾರೆಯೇ?

ಉತ್ತರ: ಮೊದಲು ಕಹಿ ಮಾತನ್ನು ಹೇಳಿಬಿಡುತ್ತೇನೆ. ಅದನ್ನು ಕೊನೆಯವರೆಗೆ ಮುಚ್ಚಿಟ್ಟರೆ ನಡುವೆ ಹೇಳುವುದೆಲ್ಲ ನಿಮಗೆ ತಲೆಕೆಳಗಾಗಿ ಕಾಣುತ್ತದೆ. 5,0 ಎಂದರೆ ನಿಮ್ಮ ಮಗಳು ಸಂಖ್ಯಾಶಾಸ್ತ್ರದಲ್ಲಿ ಅನುತ್ತೀರ್ಣಳಾಗಿದ್ದಾಳೆ. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಅಂಕ 1,0ರಿಂದ ಶುರುವಾಗುತ್ತದೆ ಮತ್ತು ಅದೇ ಎಲ್ಲಕ್ಕಿಂತ ಮೇಲಿನದು. ಸಂಖ್ಯೆ ಏರಿದಂತೆ ದರ್ಜೆ ಇಳಿಯುತ್ತದೆ. 4,0 ಉತ್ತೀರ್ಣತೆಯ ಕೊನೆಯ ಮೆಟ್ಟಿಲು, ಅದರ ಕೆಳಗೆ ಇರುವುದು 5,0 ಒಂದೇ. ಉಳಿದ ಮೂರು ವಿಷಯಗಳಲ್ಲಿ ಅವಳು ಉತ್ತೀರ್ಣಳಾಗಿದ್ದಾಳೆ, ಎರಡರಲ್ಲಿ ಚೆನ್ನಾಗಿಯೇ ಮಾಡಿದ್ದಾಳೆ. ‘ಬೆಷ್ಟಾಂಡನ್’ ಎಂಬ ಪದದ ಅರ್ಥವೇ ಉತ್ತೀರ್ಣ. ಪ್ರಯೋಗಾಲಯದ ಸುರಕ್ಷತೆ, ಕ್ಷೇತ್ರಕಾರ್ಯ, ಭಾಷೆ ಇಂಥ ಕೆಲವು ವಿಷಯಗಳಿಗೆ ಅಲ್ಲಿ ಅಂಕ ಹಾಕುವುದಿಲ್ಲ, ಮಾಡಿದ್ದಾಳೆಯೋ ಇಲ್ಲವೋ ಎಂಬುದನ್ನಷ್ಟೇ ನೋಡುತ್ತಾರೆ.

ನೀವು 5,0ಯನ್ನು ಅವಳ ಅತ್ಯುತ್ತಮ ಅಂಕವೆಂದು ಓದಿದ್ದೀರಿ. ಮಗಳು ತಿದ್ದಲಿಲ್ಲ. ಅವಳ ಮೇಲೆ ಸಿಟ್ಟಾಗಬೇಡಿ. 591 ಅಂಕ ತೆಗೆದುಕೊಂಡು ಊರಿಡೀ ಪೇಡೆ ಹಂಚಿಸಿದ ಹುಡುಗಿಗೆ ‘ನಪಾಸಾಗಿದ್ದೇನೆ’ ಎಂಬ ಮಾತನ್ನು ಅಷ್ಟು ದೂರದಿಂದ ಫೋನಿನಲ್ಲಿ ಹೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ನಾನು ಸಿರಸಿ ಕಡೆಯವನು, ಜರ್ಮನಿಯಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಮಾಡಿ ಬಂದು ಮೂರು ದಶಕ ಇಲ್ಲಿ ಪಾಠ ಹೇಳಿದವನು. ಅಲ್ಲಿಯ ಮೊದಲ ವರ್ಷದಲ್ಲಿ ನಾನು ಮನೆಗೆ ಬರೆದ ಪತ್ರಗಳಲ್ಲೂ ‘ಎಲ್ಲ ಸರಿ ಇದೆ’ ಎಂದೇ ಇರುತ್ತಿತ್ತು.

ತಲೆಕೆಳಗಾದ ಈ ಅಳತೆ ಬೇರೆಯವರಿಗಿಂತ ನಿಮಗೆ ಬೇಗ ಹಿಡಿತಕ್ಕೆ ಬರಬೇಕು. ಖರೀದಿದಾರರು ನಿಮ್ಮ ಗಜನಿಗೆ ಬಂದಾಗ ಮೊದಲು ಕೇಳುವುದು ‘ಕೌಂಟ್ ಎಷ್ಟು’ ಎಂದಲ್ಲವೇ? ಕಿಲೋಗೆ 30 ಸಿಗಡಿ ತೂಗಿದರೆ ದರ ಹೆಚ್ಚು, 60 ತೂಗಿದರೆ ಕಡಿಮೆ. 60 ದೊಡ್ಡ ಸಂಖ್ಯೆ ಎಂದು ಅಲ್ಲಿ ಯಾರೂ ಸಂತೋಷಪಡುವುದಿಲ್ಲ, ಏಕೆಂದರೆ ಆ ಸಂಖ್ಯೆ ಏನನ್ನು ಎಣಿಸುತ್ತಿದೆ ಎಂಬುದು ಎಲ್ಲರಿಗೂ ಗೊತ್ತು. ಪರೀಕ್ಷೆಯ ಅಂಕಕ್ಕೂ ಇದೇ ಪ್ರಶ್ನೆ ಹಾಕಿಕೊಳ್ಳಬೇಕು. ನಮ್ಮ ಅಂಕ ಮಗು ಬರೆದ ಉತ್ತರಗಳನ್ನು ಒಂದೊಂದಾಗಿ ಎಣಿಸಿ ಕೂಡಿಸಿದ ಮೊತ್ತ. ಜರ್ಮನಿಯ ಅಂಕ ಒಂದು ದರ್ಜೆಯ ಹೆಸರು: ಮೊದಲನೆಯ ದರ್ಜೆ, ಎರಡನೆಯ ದರ್ಜೆ, ಮೂರನೆಯದು. ನಮ್ಮ ಹಿರಿಯರು ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಎನ್ನುತ್ತಿದ್ದಾಗ ಅವರೂ ಇದನ್ನೇ ಹೇಳುತ್ತಿದ್ದರು. ಎರಡು ಒಂದಕ್ಕಿಂತ ದೊಡ್ಡದು ಎಂದು ಯಾರೂ ಸೆಕೆಂಡ್ ಕ್ಲಾಸಿಗೆ ಆಸೆಪಡಲಿಲ್ಲ.

ನಡುವಿನ ಅಲ್ಪವಿರಾಮ ಅವರ ದಶಮಾಂಶ ಚಿಹ್ನೆ. ನಾವು 2.3 ಎಂದು ಬರೆಯುವುದನ್ನು ಅವರು 2,3 ಎಂದು ಬರೆಯುತ್ತಾರೆ. ನಿಮ್ಮ ಓದಿನ ಪರವಾಗಿಯೂ ಒಂದು ಮಾತು ಹೇಳಬೇಕು. ಜರ್ಮನಿಯ ಗಡಿ ದಾಟಿ ಸ್ವಿಟ್ಜರ್‌ಲೆಂಡಿಗೆ ಕಾಲಿಟ್ಟರೆ 6 ಅತ್ಯುತ್ತಮ, 4 ಉತ್ತೀರ್ಣತೆಯ ಗಡಿ, 5 ಒಳ್ಳೆಯ ಅಂಕ. ರೈನ್ ನದಿಯ ಈ ದಡದಲ್ಲಿ ಕಣ್ಣೀರು ತರಿಸುವ ಐದು ಆ ದಡದಲ್ಲಿ ಬೆನ್ನು ತಟ್ಟಿಸುತ್ತದೆ. ಎರಡೂ ಕಡೆ ಜನ ಆಡುವುದು ಜರ್ಮನ್ ಭಾಷೆಯನ್ನೇ. ಕಾರವಾರದ ಕಾಳಿ ಸೇತುವೆ ದಾಟಿ ಮುಂದೆ ಹೋದರೆ ಗೋವಾ ಬೋರ್ಡು, ಈಚೆಗೆ ನಮ್ಮ ಬೋರ್ಡು, ಊರೊಳಗೆ ನೌಕಾನೆಲೆಯ ಮತ್ತು ಕೈಗಾದ ಮಕ್ಕಳಿಗೆ ಸಿಬಿಎಸ್‌ಇ ಎಂದು ಬದುಕುವ ನಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ.

ಇನ್ನು ಮೆಟ್ಟಿಲುಗಳ ವಿಷಯ. ಅಲ್ಲಿಯ ಪರೀಕ್ಷಕರು 2,4 ಅಥವಾ 1,9 ಎಂದು ಒಂದು ಉತ್ತರ ಪತ್ರಿಕೆಗೆ ಅಂಕ ಹಾಕುವಂತಿಲ್ಲ. ಪ್ರತಿ ದರ್ಜೆಯನ್ನು ಮೂರು ಭಾಗ ಮಾಡಿಕೊಂಡಿದ್ದಾರೆ: 1,0, 1,3, 1,7, 2,0, 2,3, 2,7 ಹೀಗೆ 4,0ವರೆಗೆ. ಆಮೇಲೆ ನೇರವಾಗಿ 5,0. ಎಲ್ಲ ವಿಷಯಗಳ ಸರಾಸರಿ ತೆಗೆದಾಗ ಮಾತ್ರ ನಡುವಿನ ಸಂಖ್ಯೆಗಳು ಬರುತ್ತವೆ. ಆ ಸರಾಸರಿ 1,5ರವರೆಗೆ ಇದ್ದರೆ ‘ಝೇರ್ ಗೂಟ್’, ಅಂದರೆ ಅತ್ಯುತ್ತಮ. 1,6ರಿಂದ 2,5 ‘ಗೂಟ್’, ಉತ್ತಮ. 2,6ರಿಂದ 3,5 ‘ಬೆಫ್ರೀಡಿಗೆಂಡ್’, ತೃಪ್ತಿಕರ. ಅಲ್ಲಿಂದ 4,0ವರೆಗೆ ‘ಸಾಕಷ್ಟು’ ಎಂಬ ಅರ್ಥದ ಪದ. ಕೂಡಿಸುವಾಗ ಎಲ್ಲ ವಿಷಯಕ್ಕೂ ಒಂದೇ ತೂಕ ಇರುವುದಿಲ್ಲ, ಕ್ರೆಡಿಟ್ ಎಂಬ ತೂಕ ಸೇರುತ್ತದೆ. ನಮ್ಮ ವಿಶ್ವವಿದ್ಯಾಲಯಗಳಿಗೂ ಈಗ ಇದು ಬಂದಿರುವುದರಿಂದ ನಿಮಗೆ ಪದ ಪರಿಚಿತ. ಜರ್ಮನಿಯಲ್ಲಿ ಒಂದು ಕ್ರೆಡಿಟ್ ಎಂದರೆ ತರಗತಿ, ಓದು, ಪರೀಕ್ಷಾ ತಯಾರಿ ಎಲ್ಲ ಸೇರಿ ಸುಮಾರು 30 ಗಂಟೆಗಳ ಕೆಲಸ. ಸೆಮಿಸ್ಟರಿಗೆ 30 ಕ್ರೆಡಿಟ್, ಸ್ನಾತಕೋತ್ತರ ಪದವಿಗೆ ಒಟ್ಟು 120.

ನೀವು ಕಳುಹಿಸಿದ ಹಾಳೆಯಲ್ಲಿ 2,3ರ ಮುಂದೆ 9 ಕ್ರೆಡಿಟ್ ಇದೆ, 1,7ಕ್ಕೆ 6, 3,0ಕ್ಕೆ 6, ಬೆಷ್ಟಾಂಡನ್ ಎಂಬುದಕ್ಕೆ 3, ಸಂಖ್ಯಾಶಾಸ್ತ್ರಕ್ಕೆ 6. ಅಂಕವಿರುವ ಮೂರು ಉತ್ತೀರ್ಣ ವಿಷಯಗಳನ್ನು ಅವುಗಳ ತೂಕದಿಂದ ಗುಣಿಸಿ ಕೂಡಿಸಿದರೆ 48.9, ಅದನ್ನು 21 ಕ್ರೆಡಿಟ್‌ನಿಂದ ಭಾಗಿಸಿದರೆ ಸುಮಾರು 2.33. ಎರಡನೆಯ ದಶಮಾಂಶವನ್ನು ಅಲ್ಲಿ ಮೇಲಕ್ಕೂ ತೆಗೆದುಕೊಳ್ಳುವುದಿಲ್ಲ, ಕೆಳಕ್ಕೂ ತಳ್ಳುವುದಿಲ್ಲ, ಸುಮ್ಮನೆ ಬಿಟ್ಟುಬಿಡುತ್ತಾರೆ. ಆದ್ದರಿಂದ 2,3. ‘ಉತ್ತಮ’ ಎಂಬ ಸಾಲಿನೊಳಗೆ ನೆಮ್ಮದಿಯಾಗಿ ಕುಳಿತಿದ್ದಾಳೆ. ಅವಳ ಕೊರತೆ ಇರುವುದು ಸರಾಸರಿಯಲ್ಲಲ್ಲ, ಕೈಗೆ ಬರದ ಆ 6 ಕ್ರೆಡಿಟ್‌ಗಳಲ್ಲಿ. 30ರ ಬದಲು 24 ಗಳಿಸಿದ್ದಾಳೆ.

3,0 ಬಗ್ಗೆ ನಿಮಗೆ ಅಸಮಾಧಾನ ಇರಬಹುದು. ‘ತೃಪ್ತಿಕರ’ ಎಂಬ ಮಾತು ನಮ್ಮ ಕಿವಿಗೆ ‘ಏನೋ ಪರವಾಗಿಲ್ಲ’ ಎಂದಂತೆ ಕೇಳುತ್ತದೆ. ಅಲ್ಲಿ ಈ ಪದಗಳಿಗೆ ಬಿಗಿಯಾದ ಅರ್ಥ ಇದೆ. ಜರ್ಮನಿಯಲ್ಲಿ ಶಿಕ್ಷಣ ಕೇಂದ್ರ ಸರ್ಕಾರದ ಕೈಯಲ್ಲಿಲ್ಲ, 16 ರಾಜ್ಯಗಳ ಕೈಯಲ್ಲಿದೆ. ಎಲ್ಲರೂ ಒಂದೇ ಅಳತೆ ಬಳಸಲಿ ಎಂದು 1964ರಲ್ಲಿ ಹ್ಯಾಂಬರ್ಗಿನಲ್ಲಿ ಆಗಿನ ಪಶ್ಚಿಮ ಜರ್ಮನಿಯ ರಾಜ್ಯಗಳ ಮುಖ್ಯಸ್ಥರು ಒಪ್ಪಂದ ಮಾಡಿಕೊಂಡರು. ಶಾಲೆಗಳಿಗೆ 1ರಿಂದ 6ರವರೆಗಿನ ಆರು ದರ್ಜೆ ನೆಲೆಗೊಂಡಿತು, ಆಮೇಲೆ ಪ್ರತಿಯೊಂದಕ್ಕೂ ವಾಕ್ಯರೂಪದ ವ್ಯಾಖ್ಯೆ ಸಿಕ್ಕಿತು. ಎರಡು ಎಂದರೆ ಮಗು ನಿರೀಕ್ಷೆಯನ್ನು ಪೂರ್ಣವಾಗಿ ಮುಟ್ಟಿದೆ. ಮೂರು ಎಂದರೆ ಒಟ್ಟಾರೆಯಾಗಿ ಮುಟ್ಟಿದೆ. ನಾಲ್ಕು ಎಂದರೆ ಕೊರತೆಗಳಿವೆ, ಆದರೂ ನಿರೀಕ್ಷೆಗೆ ಸಲ್ಲುತ್ತದೆ. ಒಂದನ್ನು ನಿರೀಕ್ಷೆಯನ್ನು ವಿಶೇಷ ಮಟ್ಟದಲ್ಲಿ ಮುಟ್ಟಿದವರಿಗೆ ಇಟ್ಟಿದ್ದಾರೆ. ಇದನ್ನು ಗಮನಿಸಿ: ಕೇಳಿದ್ದನ್ನೆಲ್ಲ ಸರಿಯಾಗಿ ಬರೆದ ವಿದ್ಯಾರ್ಥಿಗೆ ನಮ್ಮಲ್ಲಿ ನೂರಕ್ಕೆ ನೂರು, ಈ ವ್ಯಾಖ್ಯೆಯ ಪ್ರಕಾರ ಎರಡು. 

ಐದಕ್ಕೆ ಶಾಲಾ ವ್ಯಾಖ್ಯೆ ಹೇಳುವುದು ನನಗೆ ಬಹಳ ಇಷ್ಟ. ನಿರೀಕ್ಷೆಗೆ ಸಲ್ಲುವುದಿಲ್ಲ, ಆದರೆ ಅಗತ್ಯವಾದ ಮೂಲಜ್ಞಾನ ಇದೆ, ಕೊರತೆಯನ್ನು ಹತ್ತಿರದ ದಿನಗಳಲ್ಲಿ ತುಂಬಿಕೊಳ್ಳಬಹುದು. ಆರು ಎಂದರೆ ಮಾತ್ರ ಬುನಾದಿಯೇ ಇಲ್ಲ ಎಂದರ್ಥ. ಸೋತ ಮಕ್ಕಳಲ್ಲೂ ಈ ಎರಡು ಬಗೆಯವರನ್ನು ಬೇರ್ಪಡಿಸಿ ನೋಡುವ ಕಣ್ಣು ನಮ್ಮ ಅಂಕಪಟ್ಟಿಗೆ ಇಲ್ಲ. ನಮ್ಮಲ್ಲಿ ಗಡಿಗೆ ಒಂದು ಅಂಕ ಕಡಿಮೆ ಬಂದವನೂ ಬರೀ 4 ಅಂಕ ಬಂದವನೂ ಒಂದೇ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಾರೆ. ವಿಶ್ವವಿದ್ಯಾಲಯದಲ್ಲಿ ಆರು ಇಲ್ಲ, ಐದರಲ್ಲೇ ಎರಡೂ ಸೇರಿಹೋಗಿವೆ. ಆದರೂ ನಿಮ್ಮ ಮಗಳ ಐದನ್ನು ನಾನು ಶಾಲೆಯ ಐದಿನಂತೆಯೇ ಓದುತ್ತೇನೆ, ಉಳಿದ ಅಂಕಗಳು ಅದಕ್ಕೆ ಸಾಕ್ಷಿ.

ವಿಷಯದಿಂದ ವಿಷಯಕ್ಕೂ ಹದ ಬೇರೆ. ಜೀವವಿಜ್ಞಾನದಲ್ಲಿ ಅಲ್ಲಿಯ ಪರೀಕ್ಷಕರು ಸಾಮಾನ್ಯವಾಗಿ ಉದಾರಿಗಳು. ಕಾನೂನಿನಲ್ಲಿ ಬಹಳ ಬಿಗಿ. ಅಲ್ಲಿಯ ಕಾನೂನು ವಿದ್ಯಾರ್ಥಿಗಳಿಗೆ 0ಯಿಂದ 18ರವರೆಗಿನ ಪ್ರತ್ಯೇಕ ಅಳತೆ ಇದೆ. ಅಲ್ಲಿ 9 ಬಂದರೆ ದೊಡ್ಡ ಗೌರವ, ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕುವ ಧೈರ್ಯ ಬರುತ್ತದೆ. 18ಕ್ಕೆ 9 ಎಂದರೆ ನಮ್ಮ ಲೆಕ್ಕದಲ್ಲಿ ಶೇ. 50! ಹಾಗೆ ಪರಿವರ್ತಿಸಿ ನೋಡಿದವರು ಒಬ್ಬ ಪ್ರತಿಭಾವಂತ ವಕೀಲನನ್ನು ಜಸ್ಟ್ ಪಾಸ್ ಎಂದು ಬದಿಗೆ ಸರಿಸುತ್ತಾರೆ.

ನಿಮ್ಮ ಮುಖ್ಯ ಪ್ರಶ್ನೆ ಇಲ್ಲಿಯೇ ಇದೆ. ನೂರಕ್ಕೆ ಎಷ್ಟು?

ಲೆಕ್ಕ ಹಾಕಲು ಸೂತ್ರ ಇದೆ, ಬವೇರಿಯಾದ ಸೂತ್ರ ಎಂದು ಹೆಸರು. ವಿದೇಶದ ಅಂಕವನ್ನು ಜರ್ಮನ್ ಅಂಕವಾಗಿಸಲು ಅಲ್ಲಿಯವರು ಅದನ್ನು ಬಳಸುತ್ತಾರೆ. ಗರಿಷ್ಠ ಅಂಕದಿಂದ ವಿದ್ಯಾರ್ಥಿ ಪಡೆದದ್ದನ್ನು ಕಳೆಯಿರಿ. ಗರಿಷ್ಠದಿಂದ ಉತ್ತೀರ್ಣತೆಯ ಗಡಿಯನ್ನು ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಮೂರರಿಂದ ಗುಣಿಸಿ ಒಂದು ಕೂಡಿಸಿ. ನಿಮ್ಮ ಮಗಳ 8.6ಕ್ಕೆ ಗರಿಷ್ಠ 10, ಉತ್ತೀರ್ಣತೆಯ ಗಡಿ 4 ಎಂದಿಟ್ಟುಕೊಂಡರೆ 1,7 ಬರುತ್ತದೆ. ಅವಳಿಗೆ ಪ್ರವೇಶ ಕೊಟ್ಟವರು ಹೆಚ್ಚುಕಡಿಮೆ ಈ ದೃಷ್ಟಿಯಿಂದಲೇ ನೋಡಿರುತ್ತಾರೆ.

ಈ ಸೂತ್ರವನ್ನು ತಿರುಗಿಸಿ, ಅವರ 2,3ನ್ನು ನಮ್ಮ ಶೇಕಡಾ ಮಾಡಲು ಹೊರಟರೆ ತೊಡಕು ಶುರು. ಉತ್ತೀರ್ಣತೆಯ ಗಡಿ 40 ಎಂದುಕೊಂಡರೆ 74 ಬರುತ್ತದೆ. 35 ಎಂದುಕೊಂಡರೆ ಸುಮಾರು 72. 50 ಎಂದುಕೊಂಡರೆ 78. ಯಾವ ಗಡಿ ಹಿಡಿಯಬೇಕು? ನಮ್ಮ ಎಸೆಸೆಲ್ಸಿಗೆ ಬಹುಕಾಲ ಇದ್ದ ಶೇ. 35ರ ಗಡಿಯನ್ನು ಶೇ. 33ಕ್ಕೆ ಇಳಿಸುವ ನಿರ್ಧಾರವನ್ನು ಸರ್ಕಾರ 2025ರಲ್ಲಿ ಪ್ರಕಟಿಸಿತು. ಆ ಹೊಸ ಗಡಿಯನ್ನು ಹಾಕಿದರೆ ಅದೇ 2,3 ಶೇ. 71ಕ್ಕೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಹೊರಟ ಒಂದು ಆದೇಶದಿಂದ ಜರ್ಮನಿಯಲ್ಲಿ ಬರೆದ ಉತ್ತರ ಪತ್ರಿಕೆಯ ಗುಣ ಕಡಿಮೆಯಾಯಿತೇ? ಲೆಕ್ಕ ಎಲ್ಲೂ ತಪ್ಪಿಲ್ಲ. ಆದರೆ ನಮಗೆ ಬೇಕಾದ ಉತ್ತರ ಆ ಲೆಕ್ಕದೊಳಗೆ ಇಲ್ಲ.

ಪರದೇಶದ ಮಾತು ಹಾಗಿರಲಿ. ನಮ್ಮೊಳಗೇ ಏನಾಗುತ್ತಿದೆ ನೋಡಿ. ಸಿಬಿಎಸ್‌ಇ ಹತ್ತನೇ ತರಗತಿಗೆ ಗ್ರೇಡ್ ಪದ್ಧತಿ ಇದ್ದ ವರ್ಷಗಳಲ್ಲಿ ಗ್ರೇಡ್ ಸರಾಸರಿಯನ್ನು 9.5ರಿಂದ ಗುಣಿಸಿ ಶೇಕಡಾ ಮಾಡುತ್ತಿದ್ದರು. ಆ 9.5 ಎಲ್ಲಿಂದ ಬಂತು? ಅದಕ್ಕೂ ಹಿಂದಿನ ವರ್ಷಗಳಲ್ಲಿ 91ರಿಂದ 100 ಅಂಕ ಪಡೆದ ಮಕ್ಕಳ ಸರಾಸರಿ ಸುಮಾರು 95 ಇತ್ತು, ಅದನ್ನು ಹತ್ತರಿಂದ ಭಾಗಿಸಿದರು. ನಮ್ಮ ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ಕೆಲವು ವರ್ಷಗಳ ವಿದ್ಯಾರ್ಥಿಗಳಿಗೆ ಬೇರೆ ದಾರಿ ಹಿಡಿಯಿತು: ಸರಾಸರಿಯಿಂದ 0.75 ಕಳೆದು ಹತ್ತರಿಂದ ಗುಣಿಸಬೇಕು. ಹಾಗಾಗಿ 8.0 ಎಂಬ ಒಂದೇ ಸಂಖ್ಯೆ ಒಂದು ಕಡೆ 76, ಇನ್ನೊಂದು ಕಡೆ 72.5. ಸಿರಸಿಯ ಅಡಿಕೆ ಮಂಡಿಯಲ್ಲಿ ಚಾಲಿಗೆ ಒಂದು ದರ, ರಾಶಿಗೆ ಇನ್ನೊಂದು, ಬೆಟ್ಟೆಗೆ ಮತ್ತೊಂದು. ಒಂದೇ ತೋಟದ ಕಾಯಿಯಾದರೂ ಬೇಯಿಸಿದ್ದು ಬೇರೆ, ಒಣಗಿಸಿದ್ದು ಬೇರೆ. ಚಾಲಿಯ ಕ್ವಿಂಟಲ್ ದರವನ್ನು ರಾಶಿಯ ದರದ ಶೇಕಡಾ ಮಾಡಿ ತೋಟದ ಗುಣ ಅಳೆಯಲು ನಮ್ಮ ಯಾವ ಬೆಳೆಗಾರನೂ ಹೋಗುವುದಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ನಾವು ಹೋಗುತ್ತೇವೆ.

ಬ್ಯಾಂಕಿನವರಿಗೆ ಏನು ಕೊಡಬೇಕು ಎಂದರೆ, ನೀವಾಗಿ ಹಾಕಿದ ಶೇಕಡಾವನ್ನು ಕೊಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಾಳೆ ಅದು ಮೂಲ ದಾಖಲೆಯೊಂದಿಗೆ ತಾಳೆಯಾಗದಿದ್ದರೆ ತೊಂದರೆ ನಿಮಗೇ. ಪ್ರತಿ ವಿಶ್ವವಿದ್ಯಾಲಯದಲ್ಲೂ ಪರೀಕ್ಷಾ ಕಚೇರಿ ಇರುತ್ತದೆ. ಮಗಳು ಅಲ್ಲಿಂದ ಇಂಗ್ಲಿಷಿನಲ್ಲಿರುವ ಅಧಿಕೃತ ಸಾಧನಾ ಪಟ್ಟಿಯನ್ನು, ಅಂಕ ಪದ್ಧತಿಯ ವಿವರಣೆ ಸಹಿತ ಪಡೆದು ಕಳುಹಿಸಲಿ. ಅದರೊಂದಿಗೆ ನಿಮ್ಮದೊಂದು ಪತ್ರ ಇಡಿ: ಈ ವಿಶ್ವವಿದ್ಯಾಲಯ ಶೇಕಡಾವಾರು ಅಂಕ ಕೊಡುವುದಿಲ್ಲ, 1,0 ಅತ್ಯುತ್ತಮ, 4,0 ಉತ್ತೀರ್ಣತೆಯ ಗಡಿ, 30 ಕ್ರೆಡಿಟ್‌ಗಳಲ್ಲಿ 24 ಪೂರ್ಣಗೊಂಡಿವೆ, ಒಂದು ವಿಷಯದ ಮರುಪರೀಕ್ಷೆ ಬಾಕಿ ಇದೆ. ಬಾಕಿ ಇರುವುದನ್ನು ಮುಚ್ಚಿಡಬೇಡಿ. ಸಾಲ ಕೊಟ್ಟವರಿಗೆ ಬೇಕಾದದ್ದು ಓದು ಮುಂದುವರಿಯುತ್ತಿದೆ ಎಂಬ ಖಾತರಿ, ಅದನ್ನು ಈ ಕಾಗದ ಕೊಡುತ್ತದೆ. ಕೌಂಟರಿನಲ್ಲಿ ಇರುವವರು ಒಪ್ಪದಿದ್ದರೆ ಶಾಖಾ ವ್ಯವಸ್ಥಾಪಕರನ್ನು ಕಂಡು ವಿವರಿಸಿ.

ಈಗ ಮತ್ತೆ ಆ 5,0ಗೆ ಬರೋಣ. ಮಗಳನ್ನು ಮೊದಲು ಕೇಳಬೇಕಾದದ್ದು, ಅವಳು ಪರೀಕ್ಷೆ ಬರೆದಿದ್ದಾಳೆಯೇ ಎಂಬುದು. ಅಲ್ಲಿ ಪರೀಕ್ಷೆಗೆ ವಿದ್ಯಾರ್ಥಿಯೇ ಹೆಸರು ನೋಂದಾಯಿಸಬೇಕು, ಬೇಡವೆನಿಸಿದರೆ ಗಡುವಿನೊಳಗೆ ಹಿಂತೆಗೆದುಕೊಳ್ಳಬೇಕು. ನೋಂದಾಯಿಸಿ ಹೋಗದೇ ಉಳಿದರೂ 5,0 ಬೀಳುತ್ತದೆ. ನಮ್ಮ ಅಂಕಪಟ್ಟಿಯಲ್ಲಿ ‘ಗೈರು’ ಎಂದು ಬೇರೆಯಾಗಿ ಬರುವಂತೆ ಅಲ್ಲಿ ಬರದೇ ಇರಬಹುದು. ಜ್ವರದಿಂದ ಮಲಗಿದ್ದರೆ ವೈದ್ಯರ ಪ್ರಮಾಣಪತ್ರವನ್ನು ತಡಮಾಡದೆ ಪರೀಕ್ಷಾ ಕಚೇರಿಗೆ ಮುಟ್ಟಿಸಬೇಕು. ನಮ್ಮ ಮಕ್ಕಳು ಮೊದಲ ಚಳಿಗಾಲದಲ್ಲಿ ಎಡವುವುದು ಎಷ್ಟೋ ಸಲ ಇಂಥ ನಿಯಮದಲ್ಲೇ.

ಬರೆದೂ 5,0 ಬಂದಿದ್ದರೆ ಅದಕ್ಕೆ ಇನ್ನೊಂದು ಕಾರಣ ಇರಬಹುದು. ಇಲ್ಲಿ ಅವಳಿಗೆ ಆಂತರಿಕ ಅಂಕಗಳ ಆಸರೆ ಇತ್ತು. ಎಸೆಸೆಲ್ಸಿಯಲ್ಲಿ ಪ್ರತಿ ನೂರರಲ್ಲಿ 20 ಅಂಕ ಶಾಲೆಯ ಕೈಯಲ್ಲೇ ಇರುತ್ತದೆ, ಪದವಿಯಲ್ಲೂ ಕಿರುಪರೀಕ್ಷೆ, ನಿಯೋಜನೆ ಎಂದು ಒಂದಿಷ್ಟು ಗಂಟು ಮೊದಲೇ ಸೇರಿರುತ್ತದೆ. ಜರ್ಮನಿಯಲ್ಲಿ ಅನೇಕ ವಿಷಯಗಳಿಗೆ ಸೆಮಿಸ್ಟರಿನ ಕೊನೆಯ ಒಂದೇ ಪರೀಕ್ಷೆಯೇ ಎಲ್ಲ. ಅದರಲ್ಲಿ ಉತ್ತೀರ್ಣತೆಗೆ ಸಾಮಾನ್ಯವಾಗಿ ಅರ್ಧದಷ್ಟಾದರೂ ಸರಿ ಉತ್ತರ ಬೇಕು. ಮೂವತ್ತೈದು ನಲವತ್ತರ ಗಡಿಗೆ ಒಗ್ಗಿದ ಮಕ್ಕಳಿಗೆ ಆ ಅಂತರ ಮೊದಲ ಸಲ ತಿಳಿಯುವುದೇ ಫಲಿತಾಂಶ ಬಂದಾಗ.

ಮರುಪರೀಕ್ಷೆಗೆ ಅವಕಾಶ ಇದೆ. ಆದರೆ ಇಲ್ಲಿಯಂತೆ ಲೆಕ್ಕವಿಲ್ಲದಷ್ಟು ಸಲ ಅಲ್ಲ. ಹೆಚ್ಚಿನ ಕಡೆ ಒಟ್ಟು ಮೂರು ಪ್ರಯತ್ನ. ಕಡ್ಡಾಯ ವಿಷಯದಲ್ಲಿ ಮೂರನೆಯದೂ ಕೈಕೊಟ್ಟರೆ ಆ ಪದವಿ ಅಲ್ಲಿಗೇ ಮುಗಿಯುತ್ತದೆ, ಜರ್ಮನಿಯ ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೂ ಅದೇ ವಿಷಯದ ಪದವಿಗೆ ಮತ್ತೆ ಸೇರಲಾಗುವುದಿಲ್ಲ. ನಮ್ಮಲ್ಲಿ ಬಾಕಿ ಉಳಿದ ವಿಷಯವನ್ನು ವರ್ಷಗಟ್ಟಲೆ ಬೆನ್ನಿಗೆ ಕಟ್ಟಿಕೊಂಡು ಕೊನೆಗೊಂದು ದಿನ ಇಳಿಸುವ ರೂಢಿ ಇದೆ. ಆ ರೂಢಿ ಅಲ್ಲಿ ನಡೆಯುವುದಿಲ್ಲ. ಅವಳ ವಿಭಾಗದ ಪರೀಕ್ಷಾ ನಿಯಮಾವಳಿಯಲ್ಲಿ ಎಷ್ಟು ಪ್ರಯತ್ನ, ಎಷ್ಟು ಕಾಲದೊಳಗೆ ಎಂದು ಬರೆದಿರುತ್ತದೆ. ಅದನ್ನು ಅವಳು ಈ ವಾರವೇ ಓದಬೇಕು. ಸಮಾಧಾನದ ಸಂಗತಿಯೂ ಇದೆ. ಎರಡನೆಯ ಪ್ರಯತ್ನದಲ್ಲಿ ಬಂದ ಅಂಕ ಸಾಮಾನ್ಯವಾಗಿ ಪೂರ್ಣವಾಗಿ ಸಲ್ಲುತ್ತದೆ, 1,7 ಬಂದರೆ 1,7. ಉತ್ತೀರ್ಣರಾದ ಪರೀಕ್ಷೆಯನ್ನು ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಲು ಮಾತ್ರ ಹೆಚ್ಚಿನ ಕಡೆ ಬಿಡುವುದಿಲ್ಲ, ಹಾಗಾಗಿ 3,0 ಹಾಗೆಯೇ ಇರುತ್ತದೆ.

ಇನ್ನೊಂದು ಹಕ್ಕು ಅವಳಿಗಿದೆ, ನಮ್ಮ ಮಕ್ಕಳು ಸಂಕೋಚದಿಂದ ಅದನ್ನು ಬಳಸುವುದಿಲ್ಲ. ತಿದ್ದಿದ ಉತ್ತರ ಪತ್ರಿಕೆಯನ್ನು ಹೋಗಿ ನೋಡುವ ಹಕ್ಕು. ಅದಕ್ಕೆಂದೇ ದಿನ, ಕೊಠಡಿ ಗೊತ್ತುಮಾಡಿರುತ್ತಾರೆ. ಹಣ ಕಟ್ಟಿ ನಕಲು ಪ್ರತಿ ತರಿಸಿ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ನಮ್ಮ ಕ್ರಮಕ್ಕಿಂತ ಇದು ಬೇರೆ. ನಾನು ಸಂಶೋಧನಾ ವಿದ್ಯಾರ್ಥಿಯಾಗಿ ಅಲ್ಲಿಯ ಪತ್ರಿಕೆಗಳನ್ನು ತಿದ್ದುತ್ತಿದ್ದಾಗ ಒಬ್ಬ ಹುಡುಗಿ ಬಂದು ನನ್ನೆದುರು ಕುಳಿತು, ನಾನು ಕೆಂಪು ಗೆರೆ ಎಳೆದ ಒಂದು ಹಂತವನ್ನು ತೋರಿಸಿ, ಇದು ಏಕೆ ತಪ್ಪು ಎಂದು ಕೇಳಿದಳು. ಹತ್ತು ನಿಮಿಷ ಇಬ್ಬರೂ ಲೆಕ್ಕ ಮಾಡಿದೆವು. ಅವಳ ದಾರಿ ನನ್ನದಕ್ಕಿಂತ ಬೇರೆಯಿತ್ತು, ಆದರೆ ಸರಿಯಿತ್ತು. ಅಂಕ ಬದಲಾಯಿತು. ಆಮೇಲೆ ಧಾರವಾಡದಲ್ಲಿ ಮೌಲ್ಯಮಾಪನಕ್ಕೆ ಕುಳಿತ ವರ್ಷಗಳಲ್ಲಿ, ನೋಂದಣಿ ಸಂಖ್ಯೆ ಮುಚ್ಚಿದ ಪತ್ರಿಕೆಗಳ ಕಟ್ಟು ಬಿಚ್ಚುವಾಗೆಲ್ಲ ಆ ಹುಡುಗಿ ನೆನಪಾಗುತ್ತಿದ್ದಳು. ಹೆಸರು ಮುಚ್ಚುವುದರಲ್ಲಿ ದೊಡ್ಡ ನ್ಯಾಯ ಇದೆ, ಯಾರ ಮಗ, ಯಾವ ಜಾತಿ, ಯಾವ ಊರು ಎಂಬುದು ಪರೀಕ್ಷಕನಿಗೆ ಕಾಣುವುದಿಲ್ಲ. ಅದನ್ನು ಬಿಡಬೇಕೆಂದು ನಾನು ಎಂದೂ ಹೇಳಲಾರೆ. ಆದರೆ ‘ಇದು ಏಕೆ ತಪ್ಪು’ ಎಂಬ ಪ್ರಶ್ನೆ ನನ್ನ ಮೇಜಿನವರೆಗೆ ಬರುವ ದಾರಿ ಅಲ್ಲಿರಲಿಲ್ಲ. ನಿಮ್ಮ ಮಗಳಿಗೆ ಆ ದಾರಿ ಇದೆ. ಅಂಕ ಬದಲಾಗದಿದ್ದರೂ ಎಲ್ಲಿ ಎಡವಿದೆ ಎಂಬುದು ಗೊತ್ತಾದರೆ ಎರಡನೆಯ ಪರೀಕ್ಷೆಗೆ ಅರ್ಧ ತಯಾರಿಯಾದಂತೆ.

ಶಾಲೆಗಳ ಬಗ್ಗೆ ಕೇಳಿದ್ದೀರಿ. ಆರು ದರ್ಜೆಯ ವಿಷಯ ಆಗಲೇ ಹೇಳಿದೆ. ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿಯುತ್ತಲೇ ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚಿಹೋಗುತ್ತಾರೆ, ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ಗಳಲ್ಲಿ ಆರನೆಯದರ ನಂತರ. ಹತ್ತು ವರ್ಷದ ಮಗುವಿನ ದಾರಿಯನ್ನು ಆಗಲೇ ಕವಲೊಡೆಸುವುದು ನನಗೆ ಒಪ್ಪಿಗೆಯಿಲ್ಲ, ಅಲ್ಲಿಯೂ ಅನೇಕರಿಗೆ ಒಪ್ಪಿಗೆಯಿಲ್ಲ. ಆದರೆ ಒಂದು ರೂಢಿಯನ್ನು ಮೆಚ್ಚುತ್ತೇನೆ. ತರಗತಿಯಲ್ಲಿ ಮಗು ಬಾಯಿ ಬಿಟ್ಟು ಪಾಲ್ಗೊಳ್ಳುವುದಕ್ಕೆ ಅಲ್ಲಿ ಅಂಕ ಇದೆ, ಕೆಲವು ವಿಷಯಗಳಲ್ಲಿ ಅರ್ಧದಷ್ಟು. ನಾನಿದ್ದ ಮನೆಯೊಡತಿಯ ಮಗ ಲಿಖಿತ ಪರೀಕ್ಷೆಯಲ್ಲಿ ಎರಡು ತಂದರೂ ಇತಿಹಾಸದಲ್ಲಿ ಅವನಿಗೆ ಮೂರು ಬಂತು, ತರಗತಿಯಲ್ಲಿ ಸುಮ್ಮನೆ ಕೂರುತ್ತಾನೆ ಎಂಬ ಕಾರಣಕ್ಕೆ. ಸುಮ್ಮನೆ ಕೂರುವುದನ್ನೇ ಒಳ್ಳೆಯ ನಡತೆ ಎಂದು ಕಲಿಸಿದ ಶಾಲೆಯಿಂದ ಬಂದ ನನಗೆ ಅದು ದೊಡ್ಡ ಪಾಠವಾಯಿತು.

ಹಿರಿಯ ತರಗತಿಗಳಿಗೆ ಬರುವಾಗ ಅಳತೆ ಮತ್ತೆ ತಿರುಗುತ್ತದೆ. ಕೊನೆಯ ಎರಡು ವರ್ಷ 0ಯಿಂದ 15ರವರೆಗೆ ಅಂಕ, ಇಲ್ಲಿ 15 ಅತ್ಯುತ್ತಮ. ನಮ್ಮ ದ್ವಿತೀಯ ಪಿಯುಸಿಯ ಜಾಗದಲ್ಲಿ ಅಲ್ಲಿರುವ ‘ಅಬಿಟೂರ್’ ಒಟ್ಟು 900 ಅಂಕಗಳದ್ದು. ಅದರಲ್ಲಿ 600 ಕೊನೆಯ ಎರಡು ವರ್ಷಗಳ ತರಗತಿಯ ಸಾಧನೆಗೆ, 300 ಮಾತ್ರ ಕೊನೆಯ ಪರೀಕ್ಷೆಗೆ. 300 ಬಂದರೆ ಉತ್ತೀರ್ಣ, ಅದು 4,0. 823 ಮುಟ್ಟಿದರೆ 1,0. ಅಂದರೆ 900ಕ್ಕೆ 900 ತಂದವರಿಗೂ 823 ತಂದವರಿಗೂ ಒಂದೇ ಅಂಕ. ಎಸೆಸೆಲ್ಸಿ ಫಲಿತಾಂಶ ಬಂತೆಂದರೆ ನಮ್ಮಲ್ಲಿ ಸಿರಸಿ ಒಂದು ಶೈಕ್ಷಣಿಕ ಜಿಲ್ಲೆ, ಕಾರವಾರ ಇನ್ನೊಂದು ಎಂದು ಎರಡು ಪಟ್ಟಿ ಬರುತ್ತದೆ. 625ರಲ್ಲಿ 624 ಬಂದ ಮಗು ಕಳೆದುಹೋದ ಆ ಒಂದು ಅಂಕಕ್ಕಾಗಿ ಅಳುವುದನ್ನು ನಾನು ಕಂಡಿದ್ದೇನೆ. 823 ಮತ್ತು 900ರ ನಡುವೆ ಭೇದ ಮಾಡದ ಪದ್ಧತಿಯಲ್ಲಿ ಆ ಅಳುವಿಗೆ ಅರ್ಥವೇ ಇರುವುದಿಲ್ಲ.

ನಿಮ್ಮ ಮಗನ ವಿಷಯದಲ್ಲಿ ಈಗಲೇ ಅವಸರ ಬೇಡ. ನಮ್ಮ ಹನ್ನೆರಡನೇ ತರಗತಿಯ ಅಂಕ ಒಂದರಿಂದಲೇ ಅಲ್ಲಿಯ ಪದವಿಗೆ ನೇರ ಪ್ರವೇಶ ಸಾಮಾನ್ಯವಾಗಿ ಸಿಗುವುದಿಲ್ಲ. ಇಲ್ಲಿ ಪದವಿಯ ಒಂದು ವರ್ಷವನ್ನಾದರೂ ಯಶಸ್ವಿಯಾಗಿ ಮುಗಿಸಿರಬೇಕು ಅಥವಾ ಐಐಟಿಯ ಜೆಇಇ ಅಡ್ವಾನ್ಸ್ಡ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. 2022ರ ನವೆಂಬರಿನಿಂದ ವೀಸಾಕ್ಕೆ ಮೊದಲು, ಇಲ್ಲಿಯ ಓದಿನ ದಾಖಲೆಗಳು ಅಸಲಿ ಎಂದು ದೃಢೀಕರಿಸುವ ಎಪಿಎಸ್ ಎಂಬ ಪ್ರಮಾಣಪತ್ರವೂ ಕಡ್ಡಾಯ, ಮಗಳಿಗೆ ಮಾಡಿಸಿದ್ದು ನಿಮಗೆ ನೆನಪಿರಬೇಕು. ಸದ್ಯ ಅವನು ತರಗತಿಯಲ್ಲಿ ಕೈ ಎತ್ತಿ ಪ್ರಶ್ನೆ ಕೇಳುವುದನ್ನು ರೂಢಿಸಿಕೊಳ್ಳಲಿ.

ಮಗಳ 120 ಕ್ರೆಡಿಟ್‌ಗಳಲ್ಲಿ ಕೊನೆಯ ಪ್ರಬಂಧಕ್ಕೆ ಸಾಮಾನ್ಯವಾಗಿ 30 ಇರುತ್ತದೆ, ಇಡೀ ಪದವಿಯ ಕಾಲುಭಾಗ. ಮುಂದೆ ಡಾಕ್ಟರೇಟ್‌ಗೆ ಹೋಗುವುದಾದರೆ ಹೆಚ್ಚಿನ ಕಡೆ ‘ಉತ್ತಮ’, ಅಂದರೆ 2,5ರೊಳಗಿನ ಸರಾಸರಿ ಕೇಳುತ್ತಾರೆ. ಅವಳು ಈಗಲೂ ಅದರೊಳಗೆ ಇದ್ದಾಳೆ. ಮುಂದಿನ ಸಲ ಮಾತಾಡುವಾಗ ‘ಎಷ್ಟು ಬಂತು’ ಎಂದು ಕೇಳುವ ಬದಲು ‘ಸಂಖ್ಯಾಶಾಸ್ತ್ರದ ಎರಡನೆಯ ಪರೀಕ್ಷೆ ಯಾವಾಗ, ಉತ್ತರ ಪತ್ರಿಕೆ ನೋಡಿದೆಯಾ’ ಎಂದು ಕೇಳಿ. ನಿಮಗೆ ವಿಷಯ ಗೊತ್ತಾಗಿದೆ, ಆದರೂ ನೀವು ಸಿಟ್ಟಾಗಿಲ್ಲ ಎಂಬುದು ಆ ಪ್ರಶ್ನೆಯಿಂದಲೇ ಅವಳಿಗೆ ತಿಳಿಯುತ್ತದೆ.

ಇನ್ನೊಂದು ಮಾತನ್ನು ಅವಳಿಗೆ ದಾಟಿಸಿ. ನಿಮ್ಮ ಮನೆಯ ಮುಂದಿನ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಅಲ್ಲಿಯ ಬಳಚು (ಕಪ್ಪೆಚಿಪ್ಪು) ಹೆಕ್ಕಿ ಬದುಕುವ ಸಂಸಾರಗಳನ್ನು ಅವಳು ಚಿಕ್ಕಂದಿನಿಂದ ನೋಡಿದ್ದಾಳೆ. ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ತೋಚುವುದಿಲ್ಲ. ಆದರೆ ಕೆಸರಿನಲ್ಲಿ ಒಂದು ಚದರ ಮೀಟರಿಗೆ ಎಷ್ಟು ಬಳಚು, ಕಳೆದ ವರ್ಷಕ್ಕಿಂತ ಕಡಿಮೆಯಾಗಿದೆಯೇ ಎಂದು ಹೇಳಬೇಕಾದರೆ ಅವಳು ಈಗ ಎಡವಿರುವ ಸಂಖ್ಯಾಶಾಸ್ತ್ರವೇ ಬೇಕು. ಮರುಪರೀಕ್ಷೆಯ ದಿನಾಂಕ ಗೊತ್ತಾದ ಮೇಲೆ ನನಗೂ ಒಂದು ಸಾಲು ಬರೆಯಿರಿ.